ನಾಲ್ಕು ತಿಂಗಳಾತು, ಇನ್ನೂ ತಟ್ಟಡವೇ ನಡದೈತಿ

ಪ್ರಶ್ನೆ: ಮೇಡಂ, ನನ್ನ ಮಗಳು ಒಂಬತ್ತನೇ ಕ್ಲಾಸ್. ಸಣ್ಣಾಕಿ ಇದ್ದಾಗಿಂದ ಸಾಲಿ ಗ್ಯಾದರಿಂಗ್‌ದಾಗ ಸಿನಿಮಾ ಹಾಡಿಗೆ ಕುಣೀತಿದ್ಳು, ನಾಲ್ಕು ತಿಂಗಳ ಹಿಂದ ಭರತನಾಟ್ಯಕ್ಕ ಹಚ್ಚೀವಿ. ಇನ್ನೂ ತಟ್ಟಡವು (ನೆಲ ತಟ್ಟೂ ಮೊದಲನೇ ಹೆಜ್ಜಿ ಪಾಠ) ಬಿಟ್ಟು ಮುಂದ ಹೋಗಿಲ್ಲ, ಬಾಜೂಮನಿ ಹುಡುಗಿ ಬ್ಯಾರೆ ಕ್ಲಾಸಿನ್ಯಾಗ ಅಷ್ಟ ದಿನದಾಗ ಮೂರು ಐಟಂ ಕಲತು ಸ್ಟೇಜ್ ಹತ್ಯಾಳ. ಕ್ಲಾಸ್ ಬದಲಿ ಮಾಡೂಣೇನು? ಮೊಣಕಾಲು ನೋವು ಅಂತಾಳ, ಬರೂ ವರ್ಷ ಎಸ್ಸೆಸ್ಸೆಲ್ಸಿ ಬ್ಯಾರೆ.
– ಒಬ್ಬ ತಾಯಿ, ಮುಧೋಳ

ಉತ್ತರ: ಅಕ್ಕಾರ, ಐಟಂ ಕಲಿಸಿಲ್ಲ ಅನ್ನೂ ಕಾರಣಕ್ಕಂತೂ ಕ್ಲಾಸ್ ಬದಲಿ ಮಾಡಬ್ಯಾಡ್ರಿ. ತೈಯಾ ತೈ ಅಂತ ನೆಲ ತಟ್ಟೂದು ನೋಡೋರಿಗೆ ಬ್ಯಾಸರ ಖರೆ, ಆದ್ರ ಬೆನ್ನು ನೆಟ್ಟಗ ಇಟ್ಟು ಅರೆಮಂಡಿ (ಮೊಣಕಾಲು ಎರಡೂ ಕಡೆ ಹೊರಗ ಮಡಚಿ ಅರ್ಧ) ಕುಂದ್ರೂದು, ತಾಳ ಬಿಡದಂಗ ತಟ್ಟೂದು, ಒಂದನೇ ಕಾಲದಾಗ (ಕಾಲ ಅಂದ್ರ ಇಲ್ಲಿ ವೇಗ) ತಟ್ಟಿದ್ದನ್ನ ಎರಡನೇ ಕಾಲಕ್ಕ ಡಬಲ್ ಮಾಡಿ ಮೂರನೇ ಕಾಲಕ್ಕ ನಾಲ್ಕು ಪಟ್ಟು ಮಾಡೂದು, ಇಷ್ಟೂ ಅದರಾಗ ಒಮ್ಮೆಲೇ ನಡದಿರ್ತೈತಿ. ಮೂರನೇ ಕಾಲಕ್ಕ ಬಂದಕೂಡಲೇ ಹುಡುಗ್ರು ಗೊತ್ತಿಲ್ಲದಂಗ ಮೆಲ್ಲಕ ಮ್ಯಾಲ ಎದ್ದುಬಿಡ್ತಾರ, ಅರೆಮಂಡಿ ಅರ್ಧಕ್ಕರ್ಧ ಹೋಗಿಬಿಡ್ತೈತಿ. ಅದು ನಿಲ್ಲೂತನಕ ಮುಂದಿನ ಅಡವು ಕಲಿಸಿದ್ರ ಅದೂ ಹಂಗ ಸಡಲ ಬರ್ತೈತಿ, ಆಮ್ಯಾಲ ತಿದ್ದಾಕ ಎರಡು ವರ್ಷ ಹೋಗ್ತಾವ, ಇದನ್ನ ನಾನು ನನ್ನ ಕ್ಲಾಸಿನ್ಯಾಗ ಎಷ್ಟೋ ಮಕ್ಕಳೊಳಗ ನೋಡೀನಿ.

ಮನ್ಯಾಗ ಒಂದು ಕೆಲಸ ಮಾಡ್ರಿ. ಮೊಬೈಲ್‌ನ್ಯಾಗಿನ ಹಾಡು ಬಂದ್ ಮಾಡಿ, ಆಕಿಗೆ ಆದಿತಾಳ ಹಾಕು ಅನ್ರಿ: ಒಂದು ಪೆಟ್ಟು, ಮೂರು ಬೆರಳೆಣಿಕಿ, ಆಮ್ಯಾಲ ಪೆಟ್ಟು-ಹುಸಿ (ಹುಸಿ ಅಂದ್ರ ಅಂಗೈ ಮ್ಯಾಲ ಮಾಡೂದು), ಪೆಟ್ಟು-ಹುಸಿ, ಒಟ್ಟು 8. ತಾಳ ಹಾಕ್ಕೋತ ಬಾಯಿಲೆ ತೈಯಾ ತೈ ಮೂರೂ ಕಾಲ ಹೇಳಿದ್ಳಂದ್ರ ನಾಲ್ಕು ತಿಂಗಳು ದಂಡ ಆಗಿಲ್ಲ. ವಿಡಿಯೋ ನೋಡಿ ಕಲತ ಮಕ್ಕಳು ಹಾಡು ನಿಂತಕೂಡಲೇ ನಿಂತುಬಿಡ್ತಾರ ನೋಡ್ರಿ, ಯಾಕಂದ್ರ ಅವರು ಕಲತಿದ್ದು ಆ ಹಾಡು ಅಷ್ಟ.

ಮೊಣಕಾಲಿನ ಮಾತು ಮಾತ್ರ ಹಗರ ತಗೋಬ್ಯಾಡ್ರಿ. ಅರೆಮಂಡಿ ಕುಂತಾಗ ಮುಂದ ನಿಂತು ನೋಡ್ರಿ, ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಹೊಂಟೈತೇನು? ಪಾದ ಎರಡೂ ಕಡೆ ಹೊರಳಿಸಿ ಮೊಣಕಾಲು ಮುಂದಕ್ಕ ಬಿದ್ದಿದ್ರ ಅಲ್ಲೇ ತಿರುವು ಬಿದ್ದು ನೋವು ಬರ್ತೈತಿ. ತಿರುಗೂದು ತೊಡಿ ಬುಡದಿಂದ ಬರಬೇಕು, ಎಷ್ಟು ಬರ್ತೈತೋ ಅಷ್ಟ ಸಾಕು, ಜುಲುಮಿ ಬ್ಯಾಡ. ಇನ್ನ ನಮ್ಮ ಕಡೆ ಮನಿಯೆಲ್ಲ ಫರಸಿ, ಇಲ್ಲಾ ಸಿಮೆಂಟ್, ಅದರ ಮ್ಯಾಲ ದಿನಾ ತಾಸುಗಟ್ಟಲೆ ಜೋರಿಲೆ ತಟ್ಟಿದ್ರ ಎಳೇ ಕಾಲು ತಡೀತಾವೇನ್ರಿ? ಮನ್ಯಾಗ ಮೆತ್ತಗ ತಟ್ಟಲಿ, ಸುರು ಮಾಡೂ ಮೊದಲ ಹತ್ತು ನಿಮಿಷ ಮೈ ಬೆಚ್ಚಗ ಮಾಡ್ಕೊಳ್ಳಿ. ಬಾವು ಬಂದಿದ್ರ, ಇಲ್ಲಾ ಎರಡು ದಿನ ಬಿಟ್ಟರೂ ನೋವು ಹೋಗಲಿಲ್ಲಂದ್ರ ಡಾಕ್ಟರಿಗೆ ತೋರಸ್ರಿ, ಟೀಚರಿಗೂ ಬಾಯಿಬಿಟ್ಟು ಹೇಳ್ರಿ. ನೋವು ಹೇಳಿದ ಮ್ಯಾಲೂ ತಟ್ಟು ಅಂದ್ರ ಆವಾಗ ಕ್ಲಾಸ್ ಬದಲಿ ಮಾಡ್ರಿ.

ಎಸ್ಸೆಸ್ಸೆಲ್ಸಿ ಅಂತ ಪೂರ್ತಿ ಬಿಡಸಬ್ಯಾಡ್ರಿ, ವಾರಕ್ಕ ಎರಡು ದಿನ ಸಾಕು. ಉಳಿದ ದಿನ ಕುಂತಲ್ಲೇ ಕಲಿಯೂದು ಬೇಕಾದಷ್ಟೈತಿ. ಅಭಿನಯ ದರ್ಪಣ ಅನ್ನೂ ನಾಟ್ಯದ ಹಳೇ ಗ್ರಂಥದಾಗಿನ 28 ಅಸಂಯುತ ಹಸ್ತ (ಒಂದೇ ಕೈಯಿನ ಮುದ್ರೆ), 9 ಶಿರೋಭೇದ (ತಲಿ ಆಡಸೂ ರೀತಿ), 8 ದೃಷ್ಟಿಭೇದ (ಕಣ್ಣಿಂದು), 4 ಗ್ರೀವಾಭೇದ (ಕುತ್ತಿಗಿದು), ಓದಿ ತಲಿ ಬಿಸಿ ಆದಾಗ ಕಾಲು ತಾಸು ಇದನ್ನ ಮಾಡಿದ್ರ ಮನಸ್ಸೂ ಹಗರ ಆಗ್ತೈತಿ. ಹತ್ತನೇತ್ತಾ ಮುಗಿಯೂದ್ರಾಗ ಅಡವುಗಳು ಪಕ್ಕಾ ಆಗಿ ಒಂದು ಅಲರಿಪು (ಕಾರ್ಯಕ್ರಮದ ಮೊದಲಿಗೆ ಮಾಡೂ ಸಣ್ಣ ನೃತ್ಯ) ಚಂದ ಬಂತಂದ್ರ ನನಗದು ಹತ್ತು ಐಟಂಕಿಂತ ದೊಡ್ಡದು.

ಪ್ರಶ್ನೆ: ನಮ್ಮ ಹೈಸ್ಕೂಲಿಗೆ ಡಾನ್ಸ್ ಟೀಚರ್ ಇಲ್ಲ. ಪ್ರತಿಭಾ ಕಾರಂಜಿ ಬಂದಾಗ ಯೂಟ್ಯೂಬ್ ನೋಡಿ ನಾನ ಕಲಸ್ತೀನಿ. ಪಿಟಿ ಪೀರಿಯಡ್‌ದಾಗ ಏನರ ಮಾಡಬಹುದೇನ್ರಿ?
– ಶಿಕ್ಷಕಿ, ಸವದತ್ತಿ ತಾಲೂಕು

ಉತ್ತರ: ಟೀಚರ್, ಸಾಲ್ಯಾಗ ಲೇಜಿಮ್ (ಝಲ್ ಅಂತ ಬಾರಿಸ್ಕೋತ ಕುಣಿಯೂ ಬಿಲ್ಲಿನಂಥ ಸಾಮಾನು) ಇದ್ರ ಮೊದಲ ಅದನ್ನ ಹೊರಗ ತಗೀರಿ. ಹೆಜ್ಜಿ, ಕೈ, ತಾಳ ಮೂರನ್ನೂ ಕೂಡಿಸಾಕ ಅದಕ್ಕಿಂತ ಚಲೋ ಸಾಮಾನು ಇಲ್ಲ. ಆಮ್ಯಾಲ ಮಕ್ಕಳನ್ನ ದುಂಡಗ ನಡಿಸಿ ಬಾಯಿಲೆ ಹೇಳಸ್ರಿ: ತಕಿಟ ಅಂದ್ರ 3, ತಕಧಿಮಿ 4, ತಕತಕಿಟ 5, ತಕಿಟತಕಧಿಮಿ 7, ತಕಧಿಮಿತಕತಕಿಟ 9. ಮೊದಲನೇ ಅಕ್ಷರಕ್ಕ ಮಾತ್ರ ಕಾಲು ತಟ್ಟಬೇಕು. 5ಕ್ಕ ಬಂದಾಗ ಎಲ್ಲಾರೂ ತಪ್ಪತಾರ, ತಪ್ಪಲಿ, ಒಂದು ವಾರದಾಗ ಹತ್ತತೈತಿ. ಊರಾಗ ಹೆಜ್ಜೆಮೇಳ, ಕರಡಿ ಮಜಲಿನಂಥ ಜನಪದ ಕಲೆ ಬಲ್ಲ ಹಿರಿಯರು ಇದ್ರ ಕರೀರಿ, ಅವರ ಕಾಲಾಗಿನ ಲಯ ಯೂಟ್ಯೂಬ್‌ನ್ಯಾಗ ಸಿಗೂದಿಲ್ಲ.

ಪ್ರವಾಸ ಹಾಕಿದ್ರ ಬಾದಾಮಿಗೆ ಹಾಕ್ರಿ. ಒಂದನೇ ಗುಹಾದಾಗ 18 ಕೈಯಿನ ನಟರಾಜ ಇದ್ದಾನ, ಬಾಜೂಕ ಗಣಪತಿ, ಮೃದಂಗ ಬಾರಿಸಾವ. ಫೋಟೋ ತಗದು ಓಡಿ ಬರಬ್ಯಾಡ್ರಿ. ಆ ಕೈಗಳನ್ನ ಎಣಿಸಿ, ಒಬ್ಬೊಬ್ರಿಗೆ ಒಂದೊಂದು ಜೋಡಿ ಕೈ ಹಂಚಿ ಹಂಗ ನಿಲ್ಲಸ್ರಿ, ಮೈಭಾರ ಯಾವ ಕಾಲಿನ ಮ್ಯಾಲೈತಿ ಅಂತ ಕೇಳ್ರಿ. ಹೊತ್ತಿದ್ರ ಐಹೊಳಿ ರಾವಣಫಡಿ, ಅಲ್ಲಿ ಸಪ್ತಮಾತೃಕೆಯರ ನಡುವ ಶಿವ 10 ಕೈಲೆ ಕುಣದಾನ.

ಪ್ರಶ್ನೆ: ಅಕ್ಕಾ, ನಾ ಎಂಟನೇ ಕ್ಲಾಸ್. ಭರತನಾಟ್ಯ ಕಲೀಬೇಕಂತ ಭಾಳ ಆಸೆ, ದೋಸ್ತರು ನಗ್ತಾರ. ತಡ ಆತೇನು?
– ವಿಜಯಪುರದ ಹುಡುಗ

ಉತ್ತರ: ತಮ್ಮಾ, ಏನೂ ತಡ ಆಗಿಲ್ಲ. ಇವತ್ತು ನಾವು ಮಾಡೂ ಭರತನಾಟ್ಯ ಕಛೇರಿಯ (ಪ್ರದರ್ಶನದ) ಕ್ರಮ ಹಾಕಿಕೊಟ್ಟವರು 19ನೇ ಶತಮಾನದ ತಂಜಾವೂರಿನ ನಾಲ್ಕು ಮಂದಿ ಅಣ್ಣತಮ್ಮಂದಿರು, ಅವರಾಗಿನ ಚಿನ್ನಯ್ಯ ನಮ್ಮ ಮೈಸೂರು ಆಸ್ಥಾನದಾಗೇ ಇದ್ರು. ದೋಸ್ತರಿಗೆ ಅರ್ಧಾ ನಿಮಿಷ ಅರೆಮಂಡಿ ಕುಂದ್ರಾಕ ಹೇಳು, ಆಮ್ಯಾಲ ಮಾತಾಡೂಣಂತ. ಗೆಜ್ಜಿ ಈಗ ಕೊಳ್ಳಬ್ಯಾಡ, ಟೀಚರ್ ಹೇಳಿದಾಗ ತಗೋ. ಮೊದಲ ದಿನ ಸಡಲ ಪೈಜಾಮ ಹಾಕ್ಕೊಂಡು ಹೋಗು, ಹೊಟ್ಟಿ ತುಂಬ ಉಂಡು ಹೋಗಬ್ಯಾಡ.