ಹಾಡುವಾಗ ಅವಳ ಕೈಯಲ್ಲಿ ಏನಿತ್ತು?

ನಿಮ್ಮ ರಂಗಗೀತೆ ‘ಒಂಬತ್ತನೇ ಮಹಡಿ’ ತಲುಪಿತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಬೆಂಕಿ ಬಿದ್ದು 146 ಜನ ಸತ್ತರಲ್ಲ, ಆ ದಿನದ ಮೇಲೆ ಕನ್ನಡದಲ್ಲಿ ಮ್ಯೂಸಿಕಲ್ ಕಟ್ಟಲು ಹೊರಟಿದ್ದೀರಿ. ಸಂತೋಷ. ಅಗ್ನಿಶಾಮಕದವರ ಏಣಿ ಆರನೇ ಮಹಡಿಗೇ ನಿಂತುಹೋಗುವ ಚರಣ ಚೆನ್ನಾಗಿದೆ. ಆದರೆ ಮೊದಲ ಮೂರು ಸಾಲು ಓದಿ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

‘ಅಗ್ನಿಯ ಜ್ವಾಲೆಯು ಗಗನವ ಮುಟ್ಟಿತು.’ ಇದನ್ನು ಹಾಡುವವಳು ಎಲ್ಲಿದ್ದಾಳೆ? ಒಂಬತ್ತನೇ ಮಹಡಿಯಲ್ಲಿ, ಹೊಲಿಗೆ ಯಂತ್ರದ ಮುಂದೆ. ಅಲ್ಲಿಂದ ಯಾವ ಗಗನ ಕಾಣುತ್ತದೆ? ಬೆಂಕಿ ಹೊತ್ತಿದ್ದು ಎಂಟನೇ ಮಹಡಿಯ ಚಿಂದಿ ಬಟ್ಟೆಯ ತೊಟ್ಟಿಯಲ್ಲಿ. ಹತ್ತನೇ ಮಹಡಿಯ ಆಫೀಸಿಗೆ ಫೋನ್ ಹೋಯಿತು. ನಡುವೆ ಇದ್ದ ಒಂಬತ್ತಕ್ಕೆ ಯಾರೂ ಹೇಳಲಿಲ್ಲ. ನಿಮ್ಮ ಶೀರ್ಷಿಕೆಯಲ್ಲೇ ಇರುವ ಸಂಗತಿ ಇದು, ಹಾಡಿನಲ್ಲಿ ಮಾತ್ರ ಇಲ್ಲ!

‘ಅರಳುವ ಹೂಗಳು ಬಾಡಿ ಹೋದವು.’ ಬೇಡ ಮಾರಾಯರೇ. ಇವರು ಯಹೂದಿ, ಇಟಾಲಿಯನ್ ವಲಸೆಗಾರರ ಮನೆಯ ಹುಡುಗಿಯರು. ಈ ಫ್ಯಾಕ್ಟರಿಯವರು 1909ರಲ್ಲಿ ಕೆಲಸ ನಿಲ್ಲಿಸಿ ಬೀದಿಗಿಳಿದಿದ್ದರು, ಪೊಲೀಸರ ಏಟು ತಿಂದಿದ್ದರು. ಹೂವು ಎಲ್ಲಾದರೂ ಮುಷ್ಕರ ಮಾಡುತ್ತದಾ?

‘ಬೀಗವ ಜಡಿದನು ಕ್ರೂರ ಮಾಲೀಕನು.’ ಮಾಲೀಕರು ಇಬ್ಬರು, ಬ್ಲಾಂಕ್ ಮತ್ತು ಹ್ಯಾರಿಸ್. ಇನ್ನು ಆ ‘ಕ್ರೂರ’ ನೋಡಿ, ಎಷ್ಟು ಸೋಮಾರಿ ಪದ. ಹುಡುಗಿಯರು ಬಟ್ಟೆ ಕದ್ದು ಒಯ್ಯುತ್ತಾರೆಂಬ ಅನುಮಾನ. ಎಲ್ಲರೂ ಒಂದೇ ಬಾಗಿಲಲ್ಲಿ ಚೀಲ ತೋರಿಸಿ ಹೋಗಬೇಕು, ಅದಕ್ಕೆ ವಾಷಿಂಗ್ಟನ್ ಪ್ಲೇಸ್ ಬೀದಿಯ ಕಡೆಯ ಬಾಗಿಲಿಗೆ ಬೀಗ. ಒಂದು ತುಂಡು ಬಟ್ಟೆಯ ಲೆಕ್ಕ ಅಷ್ಟೇ. ನನಗೆ ಕ್ರೌರ್ಯಕ್ಕಿಂತ ಈ ಜುಗ್ಗತನ ಜಾಸ್ತಿ ಭಯ ಹುಟ್ಟಿಸುತ್ತದೆ. ಇಬ್ಬರೂ ಅವತ್ತು ಛಾವಣಿ ಹತ್ತಿ ಬದುಕಿಕೊಂಡರು, ಡಿಸೆಂಬರ್‌ನಲ್ಲಿ ಕೋರ್ಟಿನಿಂದಲೂ ಬಿಡುಗಡೆಯಾದರು.

ಇಷ್ಟು ರೇಗುವುದಕ್ಕೆ ಕಾರಣ ಇದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನೂ ಒಂದು ಹವ್ಯಾಸಿ ತಂಡಕ್ಕೆ ಹಾಡು ಬರೆಯುತ್ತಿದ್ದೆ. ಬರಗಾಲದ ನಾಟಕ. ‘ಭೂತಾಯಿಯ ಒಡಲು ಬಿರಿಯಿತು’ ಅಂತ ಶುರು. ಹಾಡಬೇಕಿದ್ದ ನಟಿ ಎರಡು ಸಲ ಓದಿ, “ಇದನ್ನ ಹಾಡುವಾಗ ನನ್ನ ಕೈಲಿ ಏನಿರುತ್ತೆ?” ಅಂದಳು. “ಭಾವನೆ ಇರಬೇಕು” ಅಂದೆ, ದೊಡ್ಡ ಮನುಷ್ಯನ ಹಾಗೆ. ಅವಳು ಸುಮ್ನೆ ನಕ್ಕಳು. ಪ್ರದರ್ಶನದ ದಿನ ಒಂದು ಖಾಲಿ ಕೊಡ ತಂದು, ಹಾಡಿನ ನಡುವೆ ನೆಲಕ್ಕೆ ಇಟ್ಟಳು. ಠಣ್ ಅಂತು. ಜನ ಮಾತಾಡಿದ್ದು ಆ ಸದ್ದಿನ ಬಗ್ಗೆ. ಮೂರು ದಿನ ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೆ.

ಉಳಿದ ಚರಣಗಳನ್ನು ನಾನು ಮುಟ್ಟಿಲ್ಲ. ಏಳು ‘ಅಯ್ಯೋ’ಗಳಲ್ಲಿ ಆರನ್ನು ನೀವೇ ಹೊಡೆದು ಹಾಕಿ. ಈ ಮೂರು ಸಾಲು ಮಾತ್ರ ಹೊಸದಾಗಿ ಬರೆದು ಕಳಿಸಿ. ಅವತ್ತು ಶನಿವಾರ, ಸಂಬಳದ ದಿನ. ಮನೆಗೆ ಹೊರಡುವ ಹೊತ್ತು. ಅವಳ ಕೈಯಲ್ಲಿ ದುಡ್ಡಿನ ಲಕೋಟೆ ಇದೆ.