ಅಂಗನವಾಡಿ ಸಹಾಯಕಿ ನಾನು, ಮೊದಲ ಬಾರಿ ಬೆಂಗಳೂರಿನ ಧರಣಿಗೆ ಹೊರಟಿದ್ದೇನೆ. ಪೊಲೀಸರ ಹೆದರಿಕೆ ಇದೆ. ನಾನೊಬ್ಬಳು ಹೋದರೆ ಏನು ಬದಲಾಗುತ್ತದೆ ಎಂದೂ ಅನಿಸುತ್ತದೆ. ಒಬ್ಬಳೇ ಹೋಗಿ, ಹಿಂದೆ ನಿಂತು, ಸಂಜೆಗೆ ಮರಳಿದರೆ ಸಾಕೇ?

ಸಾಲದು. 2017ರ ಮಾರ್ಚ್‌ನಲ್ಲಿ ನಾನೂ ಇದೇ ಲೆಕ್ಕ ಹಾಕಿಕೊಂಡು ರೈಲು ಹತ್ತಿದ್ದೆ. ಬೆಳಿಗ್ಗೆ ಇಳಿಯುವುದು, ನಮ್ಮ ಅಂಗನವಾಡಿ ನೌಕರರ ಸಂಘದವರ ಕಣ್ಣಿಗೆ ಬೀಳುವುದು, ರಾತ್ರಿಯ ರೈಲಿಗೆ ವಾಪಸು. ರಾಣೆಬೆನ್ನೂರು ಕಡೆಯ ಹಳ್ಳಿಯೊಂದರಲ್ಲಿ ಕಾರ್ಯಕರ್ತೆಯಾಗಿದ್ದೆ. ಗೌರವಧನ ತಿಂಗಳಿಗೆ 6,000 ರೂಪಾಯಿ ಇತ್ತು. ಆ ಸಲದ ಬಜೆಟ್ಟಿನಲ್ಲಿ ಒಂದು ಸಾವಿರ ಸೇರಿಸಿದ್ದರು, ನಾವು ಕೇಳುತ್ತಿದ್ದದ್ದು 10,000.

ನಿಮ್ಮ ಹಾಗೆ ನನಗೂ ಪೊಲೀಸರದ್ದೇ ಹೆದರಿಕೆ. ಅವರು ನನ್ನ ತಂಟೆಗೆ ಬರಲಿಲ್ಲ. ನನ್ನನ್ನು ನೆಲಕ್ಕೆ ಕೆಡವಿದ್ದು ನೀರು ಕುಡಿಯದೆ ಇದ್ದದ್ದು. ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಧರಣಿಗೆ ಹೊರಡುವ ಹೆಂಗಸರಿಗೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹೊರಡುವಾಗ ಪಕ್ಕದ ಮನೆಯ ಹಿರಿಯರೊಬ್ಬರು, 'ಅಲ್ಲಿ ಹೆಣ್ಣುಮಕ್ಕಳಿಗೆ ಹೋಗಲು ಜಾಗ ಇರುವುದಿಲ್ಲ, ನೀರು ಕಡಿಮೆ ಕುಡಿ' ಎಂದಿದ್ದರು. ಒಳ್ಳೆಯದಕ್ಕೇ ಹೇಳಿದ್ದರು. ನಾನು ಅದನ್ನು ವ್ರತದಂತೆ ಪಾಲಿಸಿದೆ. ರೈಲಿನಲ್ಲಿ ಒಂದು ಗುಟುಕೂ ಇಲ್ಲ. ನಿಲ್ದಾಣದಿಂದ ಆನಂದರಾವ್ ವೃತ್ತದ ಮೂಲಕ ಘೋಷಣೆ ಕೂಗುತ್ತಾ ಶೇಷಾದ್ರಿ ರಸ್ತೆಗೆ ನಡೆದೆವು. ಆಗಲೂ ಇಲ್ಲ. ಕೈಯಲ್ಲಿ ತುಂಬಿದ ಬಾಟಲಿ ಇತ್ತು. ಸೆರಗಿನ ತುದಿಯನ್ನು ಅದರಿಂದ ಒದ್ದೆ ಮಾಡಿ ಮುಖ ಒರೆಸಿಕೊಳ್ಳುತ್ತಿದ್ದೆ, ಕುಡಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಸಿಕೊಂಡಿದ್ದ ಹಳೆಯ ಫ್ಲೆಕ್ಸ್ ಬ್ಯಾನರ್ ದಾಟಿ ಡಾಂಬರಿನ ಕಾವು ತೊಡೆಗೆ ತಟ್ಟುತ್ತಿತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಘೋಷಣೆಯ ಅರ್ಧ ಮಾತು ಹೊರಬರುತ್ತಿರಲಿಲ್ಲ. ನೀರು ಕುಡಿಯದಿದ್ದರೆ ಮೂತ್ರಕ್ಕೆ ಹೋಗಬೇಕಾಗುವುದಿಲ್ಲ ಎಂಬುದು ಶುದ್ಧ ಸುಳ್ಳು. ಹೋಗಲೇಬೇಕಾಗುತ್ತದೆ, ಉರಿ ಮಾತ್ರ ಹೆಚ್ಚು. ನಾನು ಅದನ್ನೂ ತಡೆದುಕೊಂಡು ಕುಳಿತೆ. ಆಮೇಲೆ ಎದ್ದು ನಿಂತವಳಿಗೆ ಕಣ್ಣು ಕತ್ತಲಿಟ್ಟಿತು.

ಎಚ್ಚರವಾದದ್ದು ಆಟೋದಲ್ಲಿ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು, ಮೂತ್ರದ ಸೋಂಕು ಎಂದರು, ಚಳಿಜ್ವರ ಬಂತು. ನನ್ನ ಜೊತೆ ನಮ್ಮ ತಾಲ್ಲೂಕಿನ ಇಬ್ಬರು ಬಂದಿದ್ದರು. ಅವರಲ್ಲಿ ಒಬ್ಬಳು ಹಾಲು ಕುಡಿಯುವ ಮಗುವನ್ನು ಇನ್ನೊಬ್ಬರ ಮಡಿಲಲ್ಲಿ ಬಿಟ್ಟು ಓಡಿ ಬಂದಿದ್ದಳು. ನಮ್ಮ ತಾಲ್ಲೂಕಿನಿಂದ ಹೋದವರೇ ಕೆಲವರು, ಅವರಲ್ಲಿ ನಾನೂ ಸೇರಿ ಮೂವರು ನನ್ನಿಂದಾಗಿ ರಸ್ತೆ ಬಿಟ್ಟಂತಾಯಿತು. ಉಳಿದ ಸಾವಿರಾರು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಆ ರಾತ್ರಿಗಳನ್ನು ಅದೇ ರಸ್ತೆಯಲ್ಲಿ ಮಲಗಿ ಕಳೆದರು. ನಾಲ್ಕನೆಯ ದಿನ ಸರ್ಕಾರದ ಭರವಸೆಯ ಮೇಲೆ ಧರಣಿ ಹಿಂತೆಗೆದುಕೊಂಡಾಗ ನಾನು ಅಲ್ಲಿರಲಿಲ್ಲ. ಮುಂದೆ ಗೌರವಧನ 8,000ಕ್ಕೆ ಏರಿತು. ಆ ಹಣ ಕೈಗೆ ಬಂದಾಗ ಮಗುವನ್ನು ಬಿಟ್ಟು ಬಂದವಳ ಮುಖವೇ ಕಣ್ಣ ಮುಂದಿತ್ತು.

'ನಾನೊಬ್ಬಳು ಹೋದರೆ ಏನು ಬದಲಾಗುತ್ತದೆ' ಎಂದೂ ಕೇಳಿದ್ದೀರಿ. ತಂಗಿ, ನಮ್ಮಂಥವರಿಗೆ ಅಲ್ಲಿ ಕೂರುವುದೇ ಕೆಲಸ. ವಿಧಾನಸೌಧದಲ್ಲಿ ಕುಳಿತವರು ಎಣಿಸುವುದು ನಾವು ಎಷ್ಟು ಜನ, ಎಷ್ಟು ರಾತ್ರಿ ಕದಲದೆ ಇದ್ದೇವೆ ಎಂಬುದನ್ನು. ಆದ್ದರಿಂದ ಮುಖ ತೋರಿಸಿ ಬರುವ ಯೋಚನೆಯಿದ್ದರೆ ಹೋಗಲೇಬೇಡಿ, ಬಸ್ಸಿನ ಆ ಸೀಟು ಉಳಿಯುವವರಿಗೆ ಸಿಗಲಿ. ಬೆಂಗಳೂರಿನ ಸಂಬಂಧಿಕರ ಮನೆಯಿಂದ ಹೋಗಿ ಬಂದು ಮಾಡುವುದೂ ನನಗೆ ಹಿಡಿಸುವುದಿಲ್ಲ. ನಿಮ್ಮ ತಾಲ್ಲೂಕಿನವರ ಜೊತೆ ಹೋಗಿ, ಅವರ ನಡುವೆ ಕೂರಿ. ನೀವು ಬಿದ್ದರೆ ಹೆಸರು ಹಿಡಿದು ಕೂಗುವವರು ಪಕ್ಕದಲ್ಲಿರಬೇಕು.

2023ರ ಜನವರಿಯಲ್ಲಿ ಗ್ರಾಚುಟಿಗಾಗಿ, ಅಂದರೆ ಕೆಲಸ ಬಿಡುವಾಗ ಸಿಗಬೇಕಾದ ಇಡಿಗಂಟಿಗಾಗಿ, ಮತ್ತೆ ಧರಣಿ ಹೂಡಿ ಅದೇ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿನಲ್ಲಿ ಕುಳಿತೆವು. ನಾವು ಗ್ರಾಚುಟಿಗೆ ಅರ್ಹರು ಎಂದು ಹಿಂದಿನ ವರ್ಷವೇ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಸಲ ತಲುಪಿದ ಕೂಡಲೇ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಂಡು ಬಂದೆ. ಇಬ್ಬಿಬ್ಬರಾಗಿ ಸರದಿಯಲ್ಲಿ ಹೋಗುತ್ತಿದ್ದೆವು, ಒಬ್ಬರು ಚೀಲ ಕಾಯುತ್ತಿದ್ದರು. ಚಿಲ್ಲರೆ ಹಣ ಸೆರಗಿನಲ್ಲೇ ಗಂಟು ಕಟ್ಟಿಟ್ಟುಕೊಂಡಿದ್ದೆ. ಬಾಯಾರಿಕೆ ಆಗಲಿ ಬಿಡಲಿ, ಗಂಟೆಗೊಮ್ಮೆ ನೀರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ. ಓಆರ್‌ಎಸ್ ಪೊಟ್ಟಣ ನಮ್ಮ ಕೇಂದ್ರಗಳಲ್ಲೇ ಎಲ್ಲರಿಗೂ ಪರಿಚಿತ, ಆದರೆ ಅದು ಮಕ್ಕಳ ಪಾಲಿನದು, ಅಂಗಡಿಯಲ್ಲಿ ಕೊಂಡುಕೊಳ್ಳಿ. ಜನವರಿಯ ರಾತ್ರಿ ಚಳಿ ಕೊರೆಯುತ್ತದೆ, ಕೌದಿ ಭಾರವೆಂದು ಮನೆಯಲ್ಲಿ ಬಿಡಬೇಡಿ.

ಪೊಲೀಸರ ವಿಷಯ ಇಷ್ಟೇ: ಅನುಮತಿಯನ್ನು ಸಂಘದವರು ಪಡೆದಿರುತ್ತಾರೆ, ಕೇಳಿ ಖಚಿತಪಡಿಸಿಕೊಳ್ಳಿ. ಆಯುಧವಿಲ್ಲದೆ ಶಾಂತಿಯಿಂದ ಸೇರುವುದು ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕು. ನೂಕುನುಗ್ಗಲು ಶುರುವಾದರೆ ವಿಡಿಯೊ ಮಾಡಲು ಮುಂದೆ ನುಗ್ಗಬೇಡಿ, ನಿಮ್ಮವರ ಕೈ ಹಿಡಿದು ಬದಿಗೆ ಬನ್ನಿ. ತಾಲ್ಲೂಕು ಮುಖಂಡರ ನಂಬರನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ, ಮೊಬೈಲಿನ ಚಾರ್ಜ್ ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಮರಳಿದ ಮೇಲೆ, ಕೆಲಸ ಬಿಟ್ಟು ಧರಣಿಗೆ ಹೋದದ್ದೇಕೆ ಎಂದು ಇಲಾಖೆಯ ನೋಟಿಸ್ ಬರಬಹುದು, ನಮಗೂ ಬಂದಿತ್ತು. ಹೆದರಿ ಒಬ್ಬರೇ ಉತ್ತರ ಬರೆದು ಕೊಡಬೇಡಿ. ಸಂಘದಲ್ಲಿ ಕುಳಿತು ಎಲ್ಲರೂ ಒಂದೇ ಉತ್ತರ ಬರೆಸಿ, ಸಹಿ ಹಾಕಿ ಕೊಡಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.