ಮಗ ಸಹಿ ಮಾಡಿ ವಾಟ್ಸಾಪ್ ಮಾಡಿದ್ದಾನೆ, ನೋಟರಿ ಸೀಲು ಒತ್ತಿಕೊಡ್ತೀರಾ?

ಮೈಸೂರಿನಲ್ಲಿ ವಕೀಲಿಕೆಯ ಜೊತೆಗೆ ನೋಟರಿ ಕೆಲಸವನ್ನೂ ಮಾಡುವ ನಮ್ಮ ತಜ್ಞರು ಈ ವಾರ ಮೂವರು ಓದುಗರಿಗೆ ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ: ಸರ್, ನಾನು ಮೈಸೂರಿನವನು, ಕೆಲಸಕ್ಕಾಗಿ ಟೆಕ್ಸಾಸ್‌ನಲ್ಲಿದ್ದೇನೆ. ಪಾಸ್‌ಪೋರ್ಟ್ ಭಾರತದ್ದೇ. ವಿಜಯನಗರದಲ್ಲಿ ನನ್ನ ಹೆಸರಿಗೆ ಒಂದು ಸೈಟಿದೆ, ಅದನ್ನು ಮಾರಬೇಕು. ಸದ್ಯಕ್ಕೆ ರಜೆ ಸಿಗುವುದಿಲ್ಲ. ಅಪ್ಪನಿಗೆ ಮಂಡಿನೋವು, ಆಫೀಸು ಸುತ್ತಲು ಆಗಲ್ಲ. ಹಾಗಾಗಿ ಸೋದರಮಾವನಿಗೆ ಪವರ್ ಆಫ್ ಅಟಾರ್ನಿ ಕೊಡೋಣ ಅಂತಿದ್ದೇನೆ. ಸಹಿ ಮಾಡಿ ಸ್ಕ್ಯಾನ್ ಕಳಿಸಿದರೆ ಮೈಸೂರಲ್ಲೇ ನೋಟರಿ ಮಾಡಿಸಬಹುದು ಅಂತ ಒಬ್ಬರು, ಅಮೆರಿಕದ ನೋಟರಿ ಸಾಕು ಅಂತ ಇನ್ನೊಬ್ಬರು, ಅಪಾಸ್ಟಿಲ್ ಬೇಕು ಅಂತ ಮತ್ತೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರ ಮಾತನ್ನು ಇವತ್ತೇ ಮರೆತುಬಿಡಿ.

ಇಂಥ ಕಾಗದ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬರುವವರು ಜಾಸ್ತಿ. ಪಾಪ, ವಯಸ್ಸಾದ ಅಪ್ಪ ಅಮ್ಮ, ಪ್ಲಾಸ್ಟಿಕ್ ಕವರಿನಲ್ಲಿ ಕಲರ್ ಪ್ರಿಂಟು. "ಮಗ ಸಹಿ ಮಾಡಿ ವಾಟ್ಸಾಪ್ ಮಾಡಿದ್ದಾನೆ ಸಾರ್, ಒಂದು ಸೀಲು ಒತ್ತಿಕೊಡಿ" ಅನ್ನುತ್ತಾರೆ. ಒತ್ತಲು ಬರುವುದಿಲ್ಲ. ಸಹಿ ಮಾಡುವವರು ನಮ್ಮೆದುರು ಕೂತು, ಗುರುತಿನ ಚೀಟಿ ತೋರಿಸಿ, ಕಾಗದಕ್ಕೂ ಸಹಿ ಹಾಕಬೇಕು, ನಮ್ಮ ರಿಜಿಸ್ಟರಿಗೂ ಹಾಕಬೇಕು. ನೀವು ಟೆಕ್ಸಾಸ್‌ನಲ್ಲಿದ್ದ ದಿನ ಮೈಸೂರಿನಲ್ಲಿ ನನ್ನೆದುರು ಸಹಿ ಮಾಡಿದಿರಿ ಅಂತ ನಾನು ಬರೆದುಕೊಟ್ಟೆ ಅಂತಿಟ್ಟುಕೊಳ್ಳಿ. ನಾಳೆ ಯಾರಾದರೂ ತಕರಾರು ತೆಗೆದರೆ ನಿಮ್ಮ ಪಾಸ್‌ಪೋರ್ಟಿನಲ್ಲಿರುವ ವಲಸೆ ಸೀಲೇ ಅದನ್ನು ಸುಳ್ಳು ಮಾಡುತ್ತದೆ. ಆಮೇಲೆ ಸೈಟು ಕೊಂಡವರ ಗತಿ ಏನು? ಹಾಗೆ ಒತ್ತಿಕೊಡುವವರು ಸಿಗುವುದೇ ಇಲ್ಲ ಅಂತಲ್ಲ. ಸಿಗುತ್ತಾರೆ, ತೊಂದರೆ ಇರುವುದೇ ಅಲ್ಲಿ.

ಉಳಿದಿಬ್ಬರ ಮಾತಿನಲ್ಲಿ ಅರ್ಧರ್ಧ ಸತ್ಯ ಇದೆ. ನಿಮ್ಮ ಕಾಗದ ಕೊನೆಗೆ ಹೋಗುವುದು ಮೈಸೂರಿನ ಸಬ್ ರಿಜಿಸ್ಟ್ರಾರ್ ಟೇಬಲ್ಲಿಗೆ, ಅಲ್ವಾ? ಅಲ್ಲಿ ಅವರು ನೋಡುವುದು 1908ರ ನೋಂದಣಿ ಕಾಯ್ದೆಯ 33ನೇ ಸೆಕ್ಷನ್. ಭಾರತದಲ್ಲೇ ವಾಸ ಇರುವವರ ಪರವಾಗಿ ಇನ್ನೊಬ್ಬರು ನೋಂದಣಿಗೆ ಹಾಜರಾಗಬೇಕಾದರೆ, ಆ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಸಬ್ ರಿಜಿಸ್ಟ್ರಾರ್ ಅಥವಾ ರಿಜಿಸ್ಟ್ರಾರ್ ಮುಂದೆಯೇ ಆಗಿರಬೇಕು, ಬರೀ ನೋಟರಿ ಸೀಲು ಸಾಲದು. ಇದು ಊರಲ್ಲೇ ಇರುವ ಎಷ್ಟೋ ಜನಕ್ಕೆ ಗೊತ್ತಿಲ್ಲ, ನೋಟರಿ ಮಾಡಿಸಿಕೊಂಡು ಬಂದು ಕೌಂಟರಿನಲ್ಲಿ ಜಗಳ ಆಡುತ್ತಾರೆ. ವಿದೇಶದಲ್ಲಿ ವಾಸ ಇರುವವರಿಗೆ ಮಾತ್ರ ಅದೇ ಸೆಕ್ಷನ್ ಬೇರೆ ದಾರಿ ಕೊಟ್ಟಿದೆ. ಅಲ್ಲಿಯ ನೋಟರಿ, ಕೋರ್ಟು ಅಥವಾ ಭಾರತದ ಕಾನ್ಸುಲ್ ಮುಂದೆ ಸಹಿ ಮಾಡಿ ದೃಢೀಕರಿಸಿಕೊಳ್ಳಬಹುದು.

ಹಾಗಾದರೆ ಅಮೆರಿಕದ ನೋಟರಿಯೇ ಸಾಕಲ್ಲ ಅಂತ ಕೇಳಬಹುದು. ಇಲ್ಲೊಂದು ತೊಡಕಿದೆ. ನಮ್ಮಲ್ಲಿ ನೋಟರಿ ಆಗಬೇಕಾದರೆ ಸಾಮಾನ್ಯವಾಗಿ 10 ವರ್ಷ ವಕೀಲಿಕೆ ಮಾಡಿರಬೇಕು. ಅಮೆರಿಕದಲ್ಲಿ ಹಾಗಿಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕೂತ ಹುಡುಗಿಯೂ ನೋಟರಿ ಆಗಿರಬಹುದು. ಆ ಸೀಲು ಅಸಲಿಯೋ ನಕಲಿಯೋ ಅಂತ ಮೈಸೂರಿನ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಅಪಾಸ್ಟಿಲ್. ಈ ನೋಟರಿ ನಮ್ಮ ರಾಜ್ಯದವರೇ, ಸಹಿ ಸೀಲು ಅವರದೇ ಅಂತ ಆ ಸರ್ಕಾರ ಲಗತ್ತಿಸುವ ಒಂದು ಹಾಳೆ ಅದು, ಅಷ್ಟೇ. ನಿಮ್ಮ ರಾಜ್ಯದಲ್ಲಾದರೆ ಆಸ್ಟಿನ್‌ನಲ್ಲಿರುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಕೊಡುತ್ತದೆ. 1961ರ ಹೇಗ್ ಒಪ್ಪಂದದ ಪ್ರಕಾರ ನಡೆಯುವ ವ್ಯವಸ್ಥೆ ಇದು, ಭಾರತಕ್ಕೆ 2005ರ ಜುಲೈನಿಂದ ಅನ್ವಯ.

ನನ್ನನ್ನು ಕೇಳಿದರೆ ಹ್ಯೂಸ್ಟನ್‌ನಲ್ಲಿ ಭಾರತದ ಕಾನ್ಸುಲೇಟ್ ಇದೆ, ಅಲ್ಲೇ ಮಾಡಿಸಿ. ಅಶೋಕ ಸ್ತಂಭದ ಮುದ್ರೆ ಕಂಡರೆ ನಮ್ಮ ಕಚೇರಿಗಳಲ್ಲಿ ಪ್ರಶ್ನೆ ಕಮ್ಮಿ. ಅಲ್ಲಿ ಅಪಾಯಿಂಟ್‌ಮೆಂಟ್ ತಡ ಆಗುವುದಾದರೆ ನೋಟರಿ ಮತ್ತು ಅಪಾಸ್ಟಿಲ್ ಎರಡನ್ನೂ ಮಾಡಿಸಿ. ಬರೀ ನೋಟರಿ ಸೀಲಿನ ಕಾಗದ ಮಾತ್ರ ಕಳಿಸಬೇಡಿ.

ಈಗ ನೀವು ಕೇಳದೇ ಇರುವ ವಿಷಯ. ಸೋದರಮಾವ ಬೇಡ! ಅವರ ಮೇಲೆ ಅನುಮಾನ ಪಟ್ಟು ಹೇಳುತ್ತಿಲ್ಲ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯಲ್ಲಿ ಆಸ್ತಿ ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿಯರಿಗೆ ಕೊಟ್ಟರೆ ಒಂದು ಲೆಕ್ಕ, ಸಣ್ಣ ಮೊತ್ತದಲ್ಲಿ ಮುಗಿಯುತ್ತದೆ. ಬೇರೆ ಯಾರಿಗೇ ಕೊಟ್ಟರೂ ಸೈಟಿನ ಮಾರುಕಟ್ಟೆ ಬೆಲೆಯ ಮೇಲೆ, ಕ್ರಯಪತ್ರಕ್ಕೆ ಎಷ್ಟೋ ಅಷ್ಟೇ ಮುದ್ರಾಂಕ ಶುಲ್ಕ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಸೋದರಮಾವನೆಂದರೆ ಮದುವೆಗೂ ಮುಂಜಿಗೂ ಮುಂದೆ ನಿಲ್ಲುವವನು. ಆ ಪಟ್ಟಿಯಲ್ಲಿ ಮಾತ್ರ ಅವನ ಹೆಸರಿಲ್ಲ. ಅಕ್ಕನೋ ತಂಗಿಯೋ ಊರಲ್ಲಿದ್ದರೆ ಅವರಿಗೆ ಕೊಡಿ. ಅಪ್ಪನಿಗೇ ಕೊಡುವುದಾದರೆ, ವಿಶೇಷ ಕಾರಣ ಇದ್ದಾಗ ಅಧಿಕಾರಿಯೇ ಮನೆಗೆ ಬಂದು ನೋಂದಣಿ ಮಾಡಲು ನೋಂದಣಿ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಡಾಕ್ಟರ್ ಸರ್ಟಿಫಿಕೇಟ್ ಇಟ್ಟು ಮೊದಲೇ ಅರ್ಜಿ ಕೊಡಬೇಕು.

ಕರಡು ಪತ್ರವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಡಿ. ಮೈಸೂರಿನ ವಕೀಲರಿಂದ ಬರೆಸಿ ತರಿಸಿಕೊಳ್ಳಿ. ಎಲ್ಲದಕ್ಕೂ ಅಧಿಕಾರ ಕೊಡುವ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನಿಮಗೆ ಯಾಕೆ? ಒಂದೇ ಸೈಟು, ಒಂದೇ ಕೆಲಸ. ಆ ಕೆಲಸಕ್ಕಷ್ಟೇ ಅಧಿಕಾರ ಕೊಡುವ ಎಸ್‌ಪಿಎ, ಅಂದರೆ ಸ್ಪೆಷಲ್ ಪವರ್ ಆಫ್ ಅಟಾರ್ನಿ, ಸಾಕು. ಸೈಟ್ ನಂಬರು, ಅಳತೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಖಾತೆಯಲ್ಲಿ ಹೇಗಿದೆಯೋ ಹಾಗೇ ಬರಬೇಕು. "ಮಾರಬಹುದು" ಅಂತ ಬರೆದು ನಿಲ್ಲಿಸಿದರೆ ಸಾಲದು. ಕ್ರಯಪತ್ರಕ್ಕೆ ಸಹಿ ಮಾಡುವುದು, ನೋಂದಣಿಗೆ ಹಾಜರುಪಡಿಸುವುದು, ಬರೆದುಕೊಟ್ಟಿದ್ದನ್ನು ಅಲ್ಲಿ ಒಪ್ಪಿಕೊಳ್ಳುವುದು, ಇಷ್ಟೂ ಬಿಡಿಸಿ ಬರೆದಿರಬೇಕು. ಹಣ ನಿಮ್ಮ ಎನ್‌ಆರ್‌ಓ ಖಾತೆಗೇ (ಅನಿವಾಸಿ ಭಾರತೀಯರು ಇಲ್ಲಿಯ ಬ್ಯಾಂಕಿನಲ್ಲಿ ಇಡುವ ಖಾತೆ) ಬರಬೇಕು ಅಂತಲೂ ಒಂದು ಸಾಲು ಇರಲಿ. ಸಂಬಂಧ ಚೆನ್ನಾಗಿರುವಾಗಲೇ ಬರೆಸಬೇಕಾದ ಸಾಲು ಅದು.

ಹೆಸರು ನೋಡಿಕೊಳ್ಳಿ. ಇದರಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ಖಾತೆಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆದು, ತಾತನ ಊರು ಹೋಗಿ ಸರ್‌ನೇಮ್ ಆಗಿ ಕೂತಿರುತ್ತದೆ. ಅಮೆರಿಕದ ಆಫೀಸಿನಲ್ಲಿ ಎಲ್ಲರೂ ಆ ಊರಿನ ಹೆಸರಲ್ಲೇ ಕರೆಯುತ್ತಾರೆ, ನೀವೂ ಒಗ್ಗಿಹೋಗಿರುತ್ತೀರಿ. ಇಲ್ಲಿ ಗುಮಾಸ್ತರು ಎರಡನ್ನೂ ಪಕ್ಕಪಕ್ಕ ಇಟ್ಟು "ಇವರು ಬೇರೆ, ಅವರು ಬೇರೆ" ಅಂದರೆ ಮುಗಿಯಿತು. ಅದಕ್ಕೇ ಅಧಿಕಾರ ಪತ್ರದಲ್ಲೇ ಎರಡೂ ಹೆಸರು ಬರೆದು, ಇಬ್ಬರೂ ಒಬ್ಬರೇ ಅಂತ ಹೇಳಿ, ಪಾಸ್‌ಪೋರ್ಟ್ ನಂಬರು ಹಾಕಿ.

ಕೊರಿಯರ್ ಬಂದ ಮೇಲೆ ಕವರನ್ನು ಹರಿದು ಎಸೆಯಬೇಡಿ ಅಂತ ಅಪ್ಪನಿಗೆ ಈಗಲೇ ಫೋನ್ ಮಾಡಿ ಹೇಳಿ. ಹೊರಗೆ ಬರೆದುಕೊಟ್ಟ ಪತ್ರ ಕರ್ನಾಟಕಕ್ಕೆ ಬಂದ ದಿನದಿಂದ 3 ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಆ ಕೆಲಸ. ಯಾವತ್ತು ಬಂತು ಅನ್ನುವುದಕ್ಕೆ ಆ ಕವರಿನ ಮೇಲಿನ ತಾರೀಖೇ ಸಾಕ್ಷಿ. ಕವರು ಹಳೇ ಪೇಪರಿನವನ ಪಾಲಾಗಿ, ನಾಲ್ಕು ತಿಂಗಳ ಹಿಂದಿನ ಸಹಿ ತಾರೀಖು ಇಟ್ಟುಕೊಂಡು ಪೇಚಾಡಿದವರನ್ನು ನೋಡಿದ್ದೇನೆ.

ಕೊಳ್ಳುವವರು ಯಾರಾದರೂ "ಕ್ರಯಪತ್ರ ಆಮೇಲೆ ನೋಡೋಣ, ಸದ್ಯಕ್ಕೆ ಜಿಪಿಎ ಮೇಲೇ ವ್ಯವಹಾರ ಮುಗಿಸೋಣ" ಅಂದರೆ ಒಪ್ಪಬೇಡಿ. ಜಿಪಿಎಯಿಂದ ಮಾಲೀಕತ್ವ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಬೆಲ್ಲದ ಘಟಕ ಇದೆ. ದುಬೈನ ಒಬ್ಬರು ಬೆಲ್ಲದ ಪುಡಿ ತರಿಸಿಕೊಳ್ಳಲು ಮುಂದೆ ಬಂದಿದ್ದಾರೆ. ಅವರನ್ನು ವಿತರಕರಾಗಿ ನೇಮಿಸುವ ಪತ್ರ ಕೇಳಿದರು, ಇಲ್ಲಿ ನೋಟರಿ ಮಾಡಿಸಿ ಕಳಿಸಿದೆ. ಅಲ್ಲಿ ನಡೆಯಲ್ಲ ಅಂತ ವಾಪಸ್ ಬಂತು. ನೋಟರಿಯದ್ದೇನಾದರೂ ತಪ್ಪಾ?

ಉತ್ತರ: ನೋಟರಿಯ ತಪ್ಪಿಲ್ಲ ಸ್ವಾಮಿ, ಅವರದು ಮೊದಲ ಮೆಟ್ಟಿಲು ಅಷ್ಟೇ. ನೀವು ಅಲ್ಲಿಂದಲೇ ಹಾರಿದ್ದೀರಿ.

ಯುಎಇ ಆ ಹೇಗ್ ಒಪ್ಪಂದದಲ್ಲಿ ಇಲ್ಲ. ಆದ್ದರಿಂದ ಅಪಾಸ್ಟಿಲ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಒಬ್ಬರ ಸಹಿಗೆ ಇನ್ನೊಬ್ಬರು ಸಾಕ್ಷಿ ಹೇಳುತ್ತಾ ಹೋಗುವ ಸರಪಳಿ ಬೇಕು. ವ್ಯಾಪಾರದ ಕಾಗದ ಆದ್ದರಿಂದ ನೋಟರಿ ಆದ ಮೇಲೆ ವಾಣಿಜ್ಯೋದ್ಯಮ ಸಂಸ್ಥೆಯ, ಅಂದರೆ ಚೇಂಬರ್ ಆಫ್ ಕಾಮರ್ಸ್‌ನ ದೃಢೀಕರಣ. ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ. ಅಲ್ಲಿಂದ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ. ಕೊನೆಗೆ ಕಾಗದ ದುಬೈ ತಲುಪಿದ ಮೇಲೆ ಅಲ್ಲಿಯ ವಿದೇಶಾಂಗ ಸಚಿವಾಲಯದ ಮುದ್ರೆ. ಇದೇ ನಿಮ್ಮ ಸ್ವಂತದ ಕಾಗದ ಆಗಿದ್ದರೆ ಚೇಂಬರ್ ಜಾಗದಲ್ಲಿ ರಾಜ್ಯದ ಗೃಹ ಇಲಾಖೆ ಬರುತ್ತಿತ್ತು. ಗಿರಾಕಿ ಒಮಾನ್‌ನವರಾಗಿದ್ದರೆ ಇಷ್ಟು ಓಡಾಟವೇ ಇರುತ್ತಿರಲಿಲ್ಲ, ಆ ದೇಶ ಒಪ್ಪಂದದಲ್ಲಿದೆ.

ವಿದೇಶಾಂಗ ಸಚಿವಾಲಯ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ಅವರು ಗೊತ್ತು ಮಾಡಿದ ಏಜೆನ್ಸಿಗಳ ಮೂಲಕ ಕೊಡಬೇಕು. ಸಚಿವಾಲಯದ ವೆಬ್‌ಸೈಟಿನಲ್ಲಿ ಪಟ್ಟಿ ಇದೆ, ಅದನ್ನು ನೋಡಿಯೇ ಹೋಗಿ. "ಎಲ್ಲಾ ನಾವೇ ಮಾಡಿಸಿಕೊಡ್ತೀವಿ, ನೀವು ಮನೇಲಿರಿ" ಅನ್ನುವ ಬೋರ್ಡುಗಳು ಬೇಕಾದಷ್ಟಿವೆ. ಅವರ ಕೈಗೆ ಅಸಲಿ ಕಾಗದ ಕೊಟ್ಟು ರಸೀದಿ ಇಲ್ಲದೆ ಬರುವುದು ಧೈರ್ಯದ ಕೆಲಸ.

ಹೊರಡುವ ಮೊದಲು ಒಂದು ಮಾಡಿ. ಯಾವ ಕಚೇರಿಗೆ ಕೊಡುತ್ತೀರಿ, ಅರೇಬಿಕ್ ಅನುವಾದ ಎಲ್ಲಿ ಮಾಡಿಸಬೇಕು, ಅಸಲಿ ಬೇಕೋ ನಕಲು ಸಾಕೋ ಅಂತ ದುಬೈನವರಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ "ಅಟೆಸ್ಟೆಡ್ ಕಳಿಸಿ" ಅಂದಿದ್ದಕ್ಕೇ ಈ ಸಲ ಎಡವಟ್ಟಾಗಿದ್ದು. ನೋಟರಿ ಸೀಲಿನಲ್ಲಿ ಅವರ ಹೆಸರು, ವ್ಯಾಪ್ತಿಯ ಊರು, ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಓದಲು ಬರುತ್ತದಾ ನೋಡಿ. ನೋಟರಿ ಪ್ರಮಾಣಪತ್ರ 5 ವರ್ಷಕ್ಕೆ ಮಾತ್ರ, ಆಮೇಲೆ ನವೀಕರಿಸಬೇಕು. ಅವಧಿ ಮುಗಿದವರ ಸೀಲು ಬಿದ್ದರೆ ಮತ್ತೆ ಮೊದಲಿಂದ ಶುರು. ಇಂಕು ಮಸಿಯಾದ ಸೀಲನ್ನೂ ಮೇಲಿನವರು ವಾಪಸ್ ಕಳಿಸಬಹುದು. ಅಲ್ಲೇ ನಿಂತು ಇನ್ನೊಂದು ಹಾಕಿಸಿಕೊಳ್ಳಿ, ಸಂಕೋಚ ಬೇಡ.

ಪ್ರಶ್ನೆ: ಸರಸ್ವತಿಪುರಂನಲ್ಲಿ ಬೇಕರಿ ಇಡುತ್ತಿದ್ದೇನೆ. ಅಂಗಡಿ ಮಾಲೀಕರು ಕೆನಡಾದಲ್ಲಿದ್ದಾರೆ. 3 ವರ್ಷದ ಬಾಡಿಗೆ ಕರಾರನ್ನು ನೋಟರಿ ಮಾಡಿಸೋಣ ಅಂತಾರೆ. ಸಾಕಾ?

ಉತ್ತರ: ಸಾಲದು. ಒಂದು ವರ್ಷ ದಾಟುವ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು, ನೋಟರಿ ಸೀಲು ಅದರ ಬದಲಿಗೆ ಬರುವುದಿಲ್ಲ. ಊರಲ್ಲಿ ಎಲ್ಲರೂ 11 ತಿಂಗಳಿಗೆ ಬರೆಸುವುದು ಇದೇ ಕಾರಣಕ್ಕೆ. ಓವನ್ನು, ಶೋಕೇಸು ಅಂತ ಲಕ್ಷಗಟ್ಟಲೆ ಹಾಕುವವರು ನೀವು, 11 ತಿಂಗಳ ಕಾಗದ ನಂಬಿಕೊಂಡು ಕೂರಬೇಡಿ. ಮಾಲೀಕರ ಪರವಾಗಿ ಇಲ್ಲಿ ಸಹಿ ಮಾಡುವವರು ಯಾರು ಅಂತ ಮೊದಲು ಕೇಳಿ. ಅವರ ಹತ್ತಿರ ಇರುವ ಅಧಿಕಾರ ಪತ್ರ ಎಲ್ಲಿ ದೃಢೀಕರಣ ಆಗಿದೆ, ಇಲ್ಲಿಯ ಶುಲ್ಕ ಕಟ್ಟಿದ್ದಾರಾ, ಅದರಲ್ಲಿ ಬಾಡಿಗೆಗೆ ಕೊಡುವ ಅಧಿಕಾರ ಬರೆದಿದೆಯಾ ಅಂತ ಅಸಲಿಯನ್ನೇ ಓದಿ ನೋಡಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.